ತಾಳವಿಲ್ಲದ ಓದು: ಲ್ಯಾಟಿನ್ ಚಾಂಟ್ ಎಂದರೇನು, ಅದು ಹಾಗೇಕೆ ಕೇಳಿಸುತ್ತದೆ?

2025ರ ಮೇ 11, ಭಾನುವಾರದ ಮಧ್ಯಾಹ್ನ. ಪೋಪ್ ಆಗಿ ಆಯ್ಕೆಯಾಗಿ ಇನ್ನೂ ಮೂರು ದಿನ. 14ನೇ ಲಿಯೋ ಅವರು ಸಂತ ಪೇತ್ರರ ಮಹಾದೇವಾಲಯದ ಮಹಡಿಗೆ ಬಂದು ನಿಂತರು. ಈಸ್ಟರ್ ಕಾಲದ ಮಧ್ಯಾಹ್ನದ ಪ್ರಾರ್ಥನೆಯನ್ನು ಪೋಪ್ ಬಾಯಿಂದ ಮಾತಿನಲ್ಲೇ ಕೇಳಿ ರೂಢಿಯಾಗಿದ್ದ ಜನರಿಗೆ ಅಂದು ಅಚ್ಚರಿ ಕಾದಿತ್ತು. ಇವರು ಹಾಡಿಬಿಟ್ಟರು. ‘ರೆಜೀನಾ ಚೇಲಿ, ಲೆತಾರೆ, ಅಲ್ಲೆಲೂಯಾ...’ ಕೆಳಗೆ ಚೌಕದಲ್ಲಿದ್ದವರು ದನಿಗೂಡಿಸಿದರು. ನಾಲ್ಕು ದಿನ ಮೊದಲು ಕಾರ್ಡಿನಲ್‌ಗಳು ಮತದಾನಕ್ಕೆಂದು ಸಿಸ್ಟೀನ್ ಚಾಪೆಲ್‌ಗೆ ಸಾಲಾಗಿ ನಡೆದುಹೋದಾಗಲೂ ಹೀಗೇ ಒಂದು ಗಾನ ಕೇಳಿಸಿತ್ತು. ಒಬ್ಬೊಬ್ಬ ಸಂತರ ಹೆಸರು ಕರೆದಂತೆಲ್ಲ ‘ಓರಾ ಪ್ರೋ ನೋಬಿಸ್’, ಅಂದರೆ ‘ನಮಗಾಗಿ ಪ್ರಾರ್ಥಿಸಿ’ ಎಂಬ ಮರುದನಿ.

ಟಿವಿಯಲ್ಲೋ ಫೋನಿನಲ್ಲೋ ಇದನ್ನು ಮೊದಲ ಸಲ ಕೇಳಿದವರಿಗೆ ಗೊಂದಲವಾಗುವುದು ಸಹಜ. ತಾಳವಿಲ್ಲ, ಪಕ್ಕವಾದ್ಯವಿಲ್ಲ. ನೂರು ಜನ ಹಾಡಿದರೂ ಒಂದೇ ಎಳೆ. ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಇದು ಮಂತ್ರವೇ, ಸಂಗೀತವೇ?

ಎರಡರ ನಡುವೆ ಎಲ್ಲೋ ಇದೆ. ಆದರೆ ಹಾಡಿಗಿಂತ ಓದಿಗೇ ಹೆಚ್ಚು ಹತ್ತಿರ ಎಂದಿಟ್ಟುಕೊಂಡು ಹೊರಟರೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

## ಗಮಕಿಯ ಜಗುಲಿಯಿಂದ ಶುರು ಮಾಡೋಣ

ದೇವಸ್ಥಾನದ ಜಗುಲಿಯಲ್ಲಿ ಗಮಕಿಗಳು ಭಾರತ ವಾಚಿಸುವುದನ್ನು ಕೇಳಿದ್ದೀರಲ್ಲ. ರಾಗ ಇರುತ್ತದೆ, ತಾಳ ಇರುವುದಿಲ್ಲ. ಪದ್ಯದ ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ದನಿಯೂ ನಿಲ್ಲುತ್ತದೆ, ಭಾವ ಎಲ್ಲಿ ಏರುತ್ತದೋ ಅಲ್ಲಿ ಸ್ವರ ಏರುತ್ತದೆ. ಸಂಗೀತ ಅಲ್ಲಿ ಮಾತಿನ ಊಳಿಗಕ್ಕೆ ನಿಂತಿರುತ್ತದೆ. ಲ್ಯಾಟಿನ್ ಚಾಂಟ್‌ನದೂ ಇದೇ ಸಂಬಂಧ. ಚಾಂಟ್ ಎಂದರೆ ಪಠಣದ ಗಾನ. ಬೈಬಲಿನ ಸಾಲುಗಳನ್ನು, ಅದರಲ್ಲೂ ‘ಕೀರ್ತನೆಗಳು’ ಎಂದು ನಾವು ಕರೆಯುವ 150 ಪ್ರಾರ್ಥನಾಗೀತೆಗಳನ್ನು, ದೇವಾಲಯದಲ್ಲಿ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಓದುವ ಬಗೆಯಾಗಿಯೇ ಇದರ ಹೆಚ್ಚಿನ ಪಾಲು ಬೆಳೆಯಿತು.

ಓದುವುದಕ್ಕೆ ಸ್ವರ ಯಾಕೆ? ಒಂದು ಕಾರಣ ತೀರ ಲೌಕಿಕ. ಎತ್ತರದ ಕಲ್ಲುಚಾವಣಿಯ ದೇವಾಲಯದಲ್ಲಿ ಮೈಕಿಲ್ಲದೆ ಮಾತಾಡಿ ನೋಡಿ, ಪದಗಳು ಗೋಡೆಗೆ ಬಡಿದು ಕಲಸಿಹೋಗುತ್ತವೆ. ಅದೇ ಮಾತನ್ನು ಒಂದು ಸ್ವರದ ಮೇಲೆ ನಿಲ್ಲಿಸಿ, ವಾಕ್ಯದ ಕೊನೆಯಲ್ಲಿ ತುಸು ಇಳಿಸಿ ಹೇಳಿದರೆ ಹಿಂದಿನ ಸಾಲಿನವರೆಗೂ ತಲುಪುತ್ತದೆ. ಎರಡನೆಯ ಕಾರಣ, ಹತ್ತಾರು ಜನ ಒಟ್ಟಿಗೆ ಓದಬೇಕಾದಾಗ ಒಬ್ಬರ ವೇಗ ಇನ್ನೊಬ್ಬರಿಗೆ ಹೊಂದಬೇಕು. ಸ್ವರ ಅವರನ್ನು ಒಂದು ಹಗ್ಗದಲ್ಲಿ ಕಟ್ಟುತ್ತದೆ. ಮಗ್ಗಿ ಬಾಯಿಪಾಠ ಮಾಡಿದವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ.

ವಾದ್ಯ ಯಾಕಿಲ್ಲ? ಆರಂಭದ ಶತಮಾನಗಳ ಕ್ರೈಸ್ತ ಗುರುಗಳಿಗೆ ವಾದ್ಯವೆಂದರೆ ರೋಮನ್ನರ ರಂಗಭೂಮಿ ಮತ್ತು ಅನ್ಯ ದೇವತೆಗಳ ಬಲಿಪೂಜೆ ನೆನಪಾಗುತ್ತಿತ್ತು. ಹಾಗಾಗಿ ದೂರವಿಟ್ಟರು. ಎಲ್ಲರೂ ಒಂದೇ ಎಳೆಯಲ್ಲಿ ಹಾಡುವುದಕ್ಕೂ ಅರ್ಥವಿತ್ತು: ಅನೇಕರು ಸೇರಿ ಒಂದು ಬಾಯಿಯಾಗಿ ದೇವರ ಮುಂದೆ ನಿಲ್ಲುವುದು.

## ಒಂದು ಕೀರ್ತನೆಯನ್ನು ಹೇಗೆ ಹಾಡುತ್ತಾರೆ

ಕೀರ್ತನೆಯ ಪ್ರತಿ ಚರಣಕ್ಕೂ ಎರಡು ಭಾಗ. ಮೊದಲ ಭಾಗ ಒಂದು ಮಾತು ಹೇಳಿದರೆ ಎರಡನೆಯದು ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ ಅಥವಾ ಮುಂದುವರಿಸುತ್ತದೆ. ಹಾಡುವ ಕ್ರಮವೂ ಹಾಗೇ. ಎರಡು ಮೂರು ಸ್ವರ ಹತ್ತಿ ಒಂದು ಸ್ವರದ ಮೇಲೆ ನಿಲ್ಲುವುದು, ಪದಗಳು ಎಷ್ಟಿದ್ದರೂ ಅದೇ ಸ್ವರದ ಮೇಲೆ ಸಾಗಿಸುವುದು, ಅರ್ಧದಲ್ಲಿ ಒಂದು ಚಿಕ್ಕ ತಿರುವು, ಒಂದು ಉಸಿರಿನಷ್ಟು ಮೌನ, ಮತ್ತೆ ಅದೇ ಸ್ವರ, ಕೊನೆಗೆ ಇಳಿತ. ಹೀಗೆ ಪದಗಳ ಭಾರವನ್ನೆಲ್ಲ ಹೊತ್ತು ನಿಲ್ಲುವ ಸ್ವರಕ್ಕೆ ‘ಟೆನರ್’ ಎಂದು ಹೆಸರು. ಹಿಡಿದುಕೊಳ್ಳುವುದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಇಂದು ಗಂಡುದನಿಯ ಒಂದು ಬಗೆಗೆ ಹೇಳುವ ‘ಟೆನರ್’ ಕೂಡ ಇದೇ ಮನೆತನದ್ದು.

ನಡುವಿನ ಆ ಮೌನ ಬಿಡುವು ಮಾತ್ರವಲ್ಲ. ದೊಡ್ಡ ದೇವಾಲಯದಲ್ಲಿ ದನಿಯ ಅನುರಣನ ಕರಗುವವರೆಗೆ ಕಾಯುತ್ತಾರೆ. ಸನ್ಯಾಸಿಗಳು ಎರಡು ಸಾಲಾಗಿ ಎದುರುಬದುರು ನಿಂತು, ಒಂದು ಚರಣ ಈ ಕಡೆಯವರು, ಮುಂದಿನದು ಆ ಕಡೆಯವರು ಹೇಳುತ್ತಾರೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗಾಗಿ ಬರೆದ ನಿಯಮಾವಳಿಯ ಪ್ರಕಾರ 150 ಕೀರ್ತನೆಗಳೂ ವಾರಕ್ಕೊಮ್ಮೆ ಪೂರ್ತಿಯಾಗಿ ಆಗಬೇಕು. ಹಗಲಲ್ಲಿ ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ದಿನಕ್ಕೆ ಹಲವು ತಾಸು ಹಾಡುವವರಿಗೆ ಗಂಟಲು ಹರಿಯುವ ಗಾನ ನಡೆಯುವುದಿಲ್ಲ. ಚಾಂಟ್‌ನ ನಿಧಾನ, ಹದ, ಅಬ್ಬರವಿಲ್ಲದಿರುವಿಕೆ ಇವೆಲ್ಲಕ್ಕೂ ಈ ದಿನಚರಿ ಒಂದು ಕಾರಣ. ಕೇಳುಗರಿಗೆಂದು ಅದು ಹುಟ್ಟಿದ್ದೇ ಅಲ್ಲ.

## ಒಂದು ಅಕ್ಷರಕ್ಕೆ ಎಷ್ಟು ಸ್ವರ?

ಎಲ್ಲ ಚಾಂಟ್‌ಗಳೂ ಇಷ್ಟು ಸರಳವಲ್ಲ. ಕೆಲವು ಕಡೆ ಒಂದು ಅಕ್ಷರಕ್ಕೆ ಒಂದೇ ಸ್ವರ. ಕೆಲವು ಕಡೆ ಎರಡು ಮೂರು. ಇನ್ನು ಕೆಲವು ಕಡೆ ಒಂದೇ ಅಕ್ಷರದ ಮೇಲೆ ಇಪ್ಪತ್ತು ಮೂವತ್ತು ಸ್ವರಗಳು ಬಳ್ಳಿಯಂತೆ ಹಬ್ಬುತ್ತವೆ. ಈ ಮೂರನೆಯ ಬಗೆ ಹೆಚ್ಚಾಗಿ ಕಾಣುವುದು ಶುಭಸಂದೇಶದ, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ ಭಾಗದ, ಓದಿಗೆ ಮುಂಚೆ ಬರುವ ‘ಅಲ್ಲೆಲೂಯಾ’ದಲ್ಲಿ. ಕೊನೆಯ ‘ಯಾ’ ಅಕ್ಷರ ಹಿಡಿದು ಗಾಯಕರು ನಮ್ಮ ಅಕಾರದ ಆಲಾಪದಂತೆ ಸಾಗುತ್ತಾರೆ. ಮಾತೇ ಮುಖ್ಯವಾದ ಗಾನದಲ್ಲಿ ಮಾತನ್ನೇ ಬಿಟ್ಟು ಹೋಗುವುದೇ? 5ನೇ ಶತಮಾನದ ಆರಂಭದಲ್ಲಿ ಬದುಕಿದ್ದ ಸಂತ ಆಗಸ್ಟೀನರು ಇಂಥ ಶಬ್ದವಿಲ್ಲದ ಹರ್ಷೋದ್ಗಾರದ ಬಗ್ಗೆ ಬರೆದಿದ್ದಾರೆ: ಸಂತೋಷ ಪದಗಳಿಗೆ ಹಿಡಿಸಲಾರದಷ್ಟಾದಾಗ ಹೊರಡುವ ದನಿ ಅದು. ಇದೇ ಆಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಒಂದು ಅಳುಕನ್ನೂ ತೋಡಿಕೊಂಡಿದ್ದಾರೆ. ಹಾಡಿನ ಅರ್ಥಕ್ಕಿಂತ ಹಾಡುವ ದನಿಗೇ ಮನಸ್ಸು ಸೋತಾಗ ತಾನು ಪಾಪ ಮಾಡಿದೆ ಅನ್ನಿಸುತ್ತದೆ ಎಂದು. ಮಾತು ದೊಡ್ಡದೋ ದನಿ ದೊಡ್ಡದೋ ಎಂಬ ಈ ಜಗ್ಗಾಟ ಚಾಂಟ್‌ನ ಇಡೀ ಚರಿತ್ರೆಯ ಉದ್ದಕ್ಕೂ ಇದೆ.

ಉದ್ದದ ಆಲಾಪಗಳಿಂದ ಇನ್ನೊಂದು ತೊಂದರೆಯೂ ಹುಟ್ಟಿತು. ಪದವಿಲ್ಲದ ಸ್ವರಸಾಲು ನೆನಪಿನಲ್ಲಿ ಉಳಿಯುವುದಿಲ್ಲ. 9ನೇ ಶತಮಾನದಲ್ಲಿ, ಇಂದಿನ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿದ್ದ ನೋಟ್ಕರ್ ಎಂಬ ಸನ್ಯಾಸಿ ಹುಡುಗನಾಗಿದ್ದಾಗ ಇದೇ ಪೇಚಿನಲ್ಲಿ ಸಿಕ್ಕಿದ್ದನಂತೆ. ನಾರ್ಮನ್ನರ ದಾಳಿಗೆ ತುತ್ತಾದ, ಇಂದಿನ ಫ್ರಾನ್ಸಿನ ಜುಮಿಯೇಜ್ ಮಠದಿಂದ ಒಬ್ಬ ಪಾದ್ರಿ ತಪ್ಪಿಸಿಕೊಂಡು ಬಂದರು. ಅವರು ತಂದ ಪುಸ್ತಕದಲ್ಲಿ ಆ ಸ್ವರಗಳಿಗೆ ಪದ ಜೋಡಿಸಿತ್ತು. ಉಪಾಯ ಹಿಡಿಸಿತು, ಪದ್ಯ ಮಾತ್ರ ಹಿಡಿಸಲಿಲ್ಲ. ತಾನೇ ಬರೆಯಲು ಕೂತ. ಗುರುಗಳು ಹೇಳಿದ್ದು ಒಂದೇ ತಿದ್ದುಪಡಿ: ಒಂದು ಸ್ವರಕ್ಕೆ ಒಂದು ಅಕ್ಷರ ಇರಲಿ. ಹೀಗೆ ಬೆಳೆದ ಪ್ರಕಾರಕ್ಕೆ ‘ಸೀಕ್ವೆನ್ಸ್’ ಎಂದು ಹೆಸರು. ಮಧ್ಯಯುಗದಲ್ಲಿ ಇಂಥವು ಸಾವಿರಾರು ಹುಟ್ಟಿದವು. 1570ರಲ್ಲಿ ಪೂಜಾಗ್ರಂಥ ಪರಿಷ್ಕರಿಸಿದಾಗ ನಾಲ್ಕನ್ನು ಬಿಟ್ಟು ಉಳಿದವನ್ನೆಲ್ಲ ಕೈಬಿಟ್ಟರು.

ಉಳಿದ ನಾಲ್ಕರಲ್ಲಿ ಒಂದು, ಸತ್ತವರ ಆತ್ಮಶಾಂತಿಗಾಗಿ ಮಾಡುವ ಪೂಜೆಯ ‘ದೀಯೆಸ್ ಈರೆ’. ‘ಕ್ರೋಧದ ಆ ದಿನ’ ಎಂದರ್ಥ, ಅಂತಿಮ ತೀರ್ಪಿನ ವರ್ಣನೆ. ಅದರ ಮೊದಲ ನಾಲ್ಕು ಸ್ವರಗಳನ್ನು ನೀವು ಖಂಡಿತ ಕೇಳಿದ್ದೀರಿ, ಗೊತ್ತಿಲ್ಲದೆಯೇ. 1830ರಲ್ಲಿ ಫ್ರೆಂಚ್ ಸಂಗೀತಗಾರ ಬೆರ್ಲಿಯೋಜ್ ತಮ್ಮ ಸಿಂಫನಿಯೊಂದರಲ್ಲಿ ಅದನ್ನು ತಂದ ಮೇಲೆ, ಸಾವು ಸುಳಿಯುತ್ತಿದೆ ಎಂದು ಹೇಳಬೇಕಾದಾಗಲೆಲ್ಲ ಸಿನಿಮಾ ಸಂಗೀತದವರೆಗೂ ಆ ನಾಲ್ಕು ಸ್ವರ ಓಡಾಡುತ್ತಿವೆ.

## ರಾಗವೇ? ಹತ್ತಿರ ಬರುತ್ತದೆ, ಪೂರ್ತಿ ಅಲ್ಲ

ಚಾಂಟ್‌ಗಳನ್ನು ಎಂಟು ‘ಮೋಡ್’ಗಳಾಗಿ ವಿಂಗಡಿಸುತ್ತಾರೆ. ಪಿಯಾನೋದ ಬಿಳಿ ಮನೆಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳಿ. ಹಾಡು ಎಲ್ಲಿ ಸುತ್ತಾಡಿದರೂ ಕೊನೆಗೆ ಬಂದು ಕೂರುವ ಸ್ವರ ಯಾವುದು ಎಂಬುದು ಮೊದಲ ಪ್ರಶ್ನೆ. ಪಾಶ್ಚಾತ್ಯರ ದೋ, ರೇ, ಮಿ ಸ್ವರನಾಮಗಳಲ್ಲಿ ಹೇಳುವುದಾದರೆ ಅದು ರೇ, ಮಿ, ಫಾ, ಸೋಲ್ ಈ ನಾಲ್ಕರಲ್ಲಿ ಒಂದು. ಆ ಸ್ವರದಿಂದ ಮೇಲಕ್ಕೇ ಹೆಚ್ಚು ಓಡಾಡುತ್ತದೆಯೋ, ಅದರ ಕೆಳಗೂ ಮೇಲೂ ಹರಡುತ್ತದೆಯೋ ಎಂಬುದು ಎರಡನೆಯದು. ನಾಲ್ಕು ಎರಡಲೆ ಎಂಟು.

ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಕೈಗಂಬ ಕೊಡಬಹುದು. ಬಿಳಿ ಮನೆಗಳಲ್ಲಿ ರೇಯನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯದ ಸ್ವರಗಳು ಬರುತ್ತವೆ, ಮಿಯನ್ನು ಮಾಡಿಕೊಂಡರೆ ತೋಡಿ, ಫಾದಿಂದ ಕಲ್ಯಾಣಿ, ಸೋಲ್‌ನಿಂದ ಹರಿಕಾಂಭೋಜಿ. ಕೀರ್ತನೆಯ ಟೆನರ್ ಸ್ವರ ವಾದಿಯಂತೆ, ಕೊನೆಯ ಸ್ವರ ನ್ಯಾಸದಂತೆ. ಹೋಲಿಕೆ ಇಲ್ಲಿಗೆ ಸಾಕು. ತಂಬೂರಿಯ ಶ್ರುತಿ ಇಲ್ಲ, ನಮ್ಮ ಅರ್ಥದ ಗಮಕ ಇಲ್ಲ, ಮನೋಧರ್ಮ ಇಲ್ಲ. ತೋಡಿ ಕೇಳಿಸುತ್ತದೆ ಎಂದುಕೊಂಡು ಹೋದವರಿಗೆ ನಿರಾಸೆಯೇ ಗತಿ.

## ಗ್ರೆಗೋರಿ ಬರೆದದ್ದಲ್ಲ

ಇದನ್ನು ‘ಗ್ರೆಗೋರಿಯನ್ ಚಾಂಟ್’ ಎಂದೂ ಕರೆಯುವುದು 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೋರಿಯವರ ಹೆಸರಿನಲ್ಲಿ. ಹಳೆಯ ಚಿತ್ರಗಳಲ್ಲಿ ಅವರ ಕಿವಿಯ ಬಳಿ ಒಂದು ಪಾರಿವಾಳ ಕೂತಿರುತ್ತದೆ. ಪವಿತ್ರಾತ್ಮರೇ ಹಕ್ಕಿಯ ರೂಪದಲ್ಲಿ ಬಂದು ಹಾಡು ಹೇಳಿಕೊಟ್ಟರು, ಅವರು ಬರೆಸಿದರು ಎಂಬುದು ಐತಿಹ್ಯ. ಚಿತ್ರ ಚೆನ್ನಾಗಿದೆ. ಆದರೆ ಲ್ಯಾಟಿನ್ ಚಾಂಟ್‌ಗೆ ಸ್ವರಲಿಪಿ ಕಾಣಿಸಿಕೊಳ್ಳುವುದೇ ಅವರು ತೀರಿಕೊಂಡು ಸುಮಾರು 200 ವರ್ಷ ಕಳೆದ ಮೇಲೆ.

ನಡೆದದ್ದು ಬೇರೆ. 754ರಲ್ಲಿ 2ನೇ ಸ್ಟೀಫನ್ ಎಂಬ ಪೋಪ್ ಆಲ್ಪ್ಸ್ ದಾಟಿ, ಇಂದಿನ ಫ್ರಾನ್ಸ್ ಕಡೆಯ ಫ್ರಾಂಕರ ದೊರೆ ಪೆಪಿನ್‌ನ ನಾಡಿಗೆ ಹೋಗಿ ಅವನಿಗೆ ರಾಜ್ಯಾಭಿಷೇಕ ಮಾಡಿದರು. ದೊರೆಗೆ ರೋಮಿನ ಪೂಜಾಕ್ರಮ ತನ್ನ ನಾಡಿನಲ್ಲೆಲ್ಲ ಬರಬೇಕೆನ್ನಿಸಿತು. ಹತ್ತಾರು ಪದ್ಧತಿಗಳಿದ್ದ ನಾಡನ್ನು ಒಂದು ಮಾಡಲು ಒಂದೇ ಪ್ರಾರ್ಥನೆ ಒಳ್ಳೆಯ ಉಪಾಯವೂ ಹೌದು. ಮಗ ಶಾರ್ಲ್‌ಮೇನ್ 789ರ ಆಜ್ಞೆಯಲ್ಲಿ ಪಾದ್ರಿಗಳೆಲ್ಲ ರೋಮನ್ ಗಾನ ಕಲಿಯಬೇಕೆಂದು ಕಟ್ಟುಮಾಡಿದ. ಬರಹ ಇಲ್ಲದ ಕಾಲ, ಬಾಯಿಂದ ಬಾಯಿಗೆ ಕಲಿಯಬೇಕು. ಕಲಿಯುವಾಗ ಫ್ರಾಂಕರ ಬಾಯಿಯ ರುಚಿ ಸೇರಿಕೊಂಡಿತು. ರೋಮಿನ ಹಾಡು, ಉತ್ತರದ ಹಾಡು ಎರಡೂ ಬೆರೆತು ಹೊಸದೊಂದಾಯಿತು. ಅದಕ್ಕೆ ಗ್ರೆಗೋರಿಯವರ ಹೆಸರಿಟ್ಟದ್ದರಿಂದ ಯಾರೂ ಎದುರಾಡಲಿಲ್ಲ. ಮುಂದೆ ಅದು ರೋಮಿಗೇ ವಾಪಸು ಹೋಗಿ, ಅಲ್ಲಿನ ಮೂಲ ಗಾನವನ್ನೇ ಬದಿಗೆ ಸರಿಸಿತು! ಮಿಲಾನ್ ನಗರ ಮಾತ್ರ ಹಟ ಹಿಡಿದು ಸಂತ ಆಂಬ್ರೋಸರ ಹೆಸರಿನ ತನ್ನದೇ ಚಾಂಟನ್ನು ಉಳಿಸಿಕೊಂಡಿತು, ಇಂದಿಗೂ ಹಾಡುತ್ತದೆ.

## ‘ಸರಿಗಮ’ದ ಅಣ್ಣತಮ್ಮ

ಮೊದಲ ಸ್ವರಲಿಪಿ ಲ್ಯಾಟಿನ್ ಪದಗಳ ಮೇಲೆ ಎಳೆದ ಸಣ್ಣ ಗೆರೆ, ಕೊಂಡಿ, ಚುಕ್ಕೆಗಳು. ಇವಕ್ಕೆ ‘ನ್ಯೂಮ್’ ಎನ್ನುತ್ತಾರೆ. ದನಿ ಇಲ್ಲಿ ಏರುತ್ತದೆ, ಇಲ್ಲಿ ತಡೆಯುತ್ತದೆ ಎಂದಷ್ಟೇ ಅವು ಹೇಳುತ್ತವೆ, ಎಷ್ಟು ಏರಬೇಕೆಂದು ಹೇಳುವುದಿಲ್ಲ. ಹಾಡು ಮೊದಲೇ ಬಾಯಿಗೆ ಬಂದವನಿಗೆ ಜ್ಞಾಪಕಚೀಟಿ, ಹೊಸಬನಿಗೆ ಇರುವೆ ಸಾಲು.

11ನೇ ಶತಮಾನದಲ್ಲಿ ಇಟಲಿಯ ಅರೆಜ್ಜೋ ಊರಿನ ಗ್ವೀದೋ ಎಂಬ ಸನ್ಯಾಸಿ ಇದಕ್ಕೊಂದು ದಾರಿ ಕಂಡುಕೊಂಡರು. ಗೆರೆಗಳನ್ನು ಎಳೆದು, ಗೆರೆಯ ಮೇಲೂ ಗೆರೆಗಳ ನಡುವಿನ ಜಾಗದಲ್ಲೂ ಸ್ವರಗಳನ್ನು ಕೂರಿಸಿದರು. ಒಂದು ಗೆರೆಗೆ ಹಳದಿ ಬಣ್ಣ, ಇನ್ನೊಂದಕ್ಕೆ ಕೆಂಪು. ಯಾವ ಸ್ವರ ಎಲ್ಲಿ ಎಂದು ಕಣ್ಣಿಗೇ ತಿಳಿಯುತ್ತದೆ. ಮೊದಲು ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಈಗ ಒಂದು, ಹೆಚ್ಚೆಂದರೆ ಎರಡು ವರ್ಷದಲ್ಲಿ ಮುಗಿಯುತ್ತದೆ ಎಂದು ಅವರೇ ಬರೆದಿದ್ದಾರೆ. ಪೋಪ್ 19ನೇ ಜಾನ್ ಅವರನ್ನು ರೋಮಿಗೆ ಕರೆಸಿ ಪರೀಕ್ಷಿಸಿ ನೋಡಿ ಬೆರಗಾದರು.

ಕಿವಿಗೆ ಸ್ವರ ಕೂರಿಸಲು ಗ್ವೀದೋ ಬಳಸಿದ್ದು ಸ್ನಾನಿಕ ಯೊವಾನ್ನರ ಮೇಲಿನ ಒಂದು ಹಳೆಯ ಸ್ತೋತ್ರ. ಅದರ ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತದೆ. ತುಣುಕುಗಳ ಮೊದಲ ಅಕ್ಷರಗಳು: ಉತ್, ರೇ, ಮಿ, ಫಾ, ಸೋಲ್, ಲಾ. ‘ಉತ್’ ಮುಂದೆ ‘ದೋ’ ಆಯಿತು, ಏಳನೆಯದು ಆಮೇಲೆ ಸೇರಿತು. ಷಡ್ಜ, ರಿಷಭ, ಗಾಂಧಾರಗಳ ಮೊದಲ ಅಕ್ಷರ ಹಿಡಿದು ನಾವು ಸ, ರಿ, ಗ ಎನ್ನುವುದಿಲ್ಲವೇ? ಯುಕ್ತಿ ಅದೇ. ಇಂದಿಗೂ ಚಾಂಟ್ ಪುಸ್ತಕಗಳಲ್ಲಿ ನಾಲ್ಕು ಗೆರೆ, ಚೌಕ ಸ್ವರಗಳು. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಬೆಳೆದದ್ದು ಇದರಿಂದಲೇ.

## ಪೂಜೆಯ ಹೊರಗೆ, ಜನರ ಬಾಯಲ್ಲಿ

ಕಥೋಲಿಕರ ಪ್ರಾರ್ಥನೆಯಲ್ಲಿ ಎರಡು ಪದರ ಇವೆ. ಬಲಿಪೂಜೆ (ಇಂಗ್ಲಿಷಿನಲ್ಲಿ ‘ಮಾಸ್’ ಎನ್ನುವ ಚರ್ಚಿನ ಮುಖ್ಯ ಆರಾಧನೆ) ಮತ್ತು ತಾಸುತಾಸಿನ ಪ್ರಾರ್ಥನೆಗಳು ಧರ್ಮಸಭೆಯ ಅಧಿಕೃತ ಕ್ರಮ. ಬಲಿಪೂಜೆಯಲ್ಲಿ ಕೆಲವು ಹಾಡುಗಳ ಪದ ಎಂದೂ ಬದಲಾಗುವುದಿಲ್ಲ. ‘ಪ್ರಭುವೇ ದಯೆತೋರು’ ಎಂದು ಬೇಡುವ ‘ಕೀರಿಯೆ ಎಲೇಯ್ಸೊನ್’ ಅವುಗಳಲ್ಲೊಂದು. ಅದು ಲ್ಯಾಟಿನ್ ಪೂಜೆಯೊಳಗೆ ಉಳಿದುಬಂದ ಗ್ರೀಕ್ ಮಾತು. ಇನ್ನು ಕೆಲವು ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತವೆ. ಸತ್ತವರ ಪೂಜೆಗೆ ‘ರೆಕ್ವಿಯೆಮ್’ ಎಂದು ಹೆಸರು ಬಂದದ್ದು ಅದರ ಪ್ರವೇಶಗಾನದ ಮೊದಲ ಪದದಿಂದ, ‘ವಿಶ್ರಾಂತಿ’ ಎಂದರ್ಥ.

ಇದರಾಚೆ ಜನರ ಭಕ್ತಿಯ ಲೋಕ: ಜಪಮಾಲೆ, ಮೆರವಣಿಗೆ, ಶಿಲುಬೆಹಾದಿ, ಪರಮಪ್ರಸಾದದ (ಯೇಸುವಿನ ದೇಹವೆಂದು ನಂಬುವ ರೊಟ್ಟಿಯ) ಆರಾಧನೆ. ಇಲ್ಲಿ ಗೆಲ್ಲುವುದು ಛಂದಸ್ಸು, ಪ್ರಾಸ ಇರುವ, ನಾಲ್ಕು ಸಲ ಕೇಳಿದರೆ ಬಾಯಿಗೆ ಬರುವ ಹಾಡು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಯೇಸುವಿನ ಯಾತನೆಯ 14 ನೆಲೆಗಳನ್ನು ಸುತ್ತುವಾಗ, ನೆಲೆಯಿಂದ ನೆಲೆಗೆ ನಡೆಯುತ್ತ ಒಂದೊಂದು ನುಡಿ ಹಾಡುವ ‘ಸ್ತಾಬಾತ್ ಮಾತೆರ್’ ಅಂಥದ್ದು. ಶಿಲುಬೆಯಡಿ ನಿಂತ ತಾಯಿಯ ದುಃಖದ ಚಿತ್ರ, ಮೂರು ಸಾಲಿನ ಪುಟ್ಟ ನುಡಿಗಳಲ್ಲಿ. 13ನೇ ಶತಮಾನದ್ದು, ಬರೆದವರು ಯಾರೆಂಬ ಬಗ್ಗೆ ಒಮ್ಮತವಿಲ್ಲ.

1264ರಲ್ಲಿ ಪೋಪ್ 4ನೇ ಅರ್ಬನ್ ಪರಮಪ್ರಸಾದದ ಹಬ್ಬವನ್ನು ಸ್ಥಾಪಿಸಿದಾಗ ಅದರ ಹಾಡುಗಳನ್ನು ಬರೆದವರು ಥಾಮಸ್ ಅಕ್ವಿನಾಸ್ ಎಂದು ಪರಂಪರೆ ಹೇಳುತ್ತದೆ. ತರ್ಕಕ್ಕೆ ಹೆಸರಾದ ದಾರ್ಶನಿಕ. ಅವರ ‘ಪಾಂಜೆ ಲಿಂಗ್ವಾ’ದ ಕೊನೆಯ ಎರಡು ನುಡಿಗಳೇ ‘ತಾಂತುಮ್ ಎರ್ಗೊ’. ಧೂಪ ಏಳುತ್ತಿರುವಾಗ, ಗುರು ಪರಮಪ್ರಸಾದವನ್ನೆತ್ತಿ ಆಶೀರ್ವದಿಸುವ ಮುನ್ನ ಮೊಣಕಾಲೂರಿದ ಜನ ಹಾಡುವುದು ಇದನ್ನೇ. ಇಂದ್ರಿಯಗಳು ಸೋತಲ್ಲಿ ನಂಬಿಕೆ ಕೈಹಿಡಿಯಲಿ ಎಂದು ಅದು ಬೇಡುತ್ತದೆ.

ಮಾತೆ ಮರಿಯಳಿಗೆ ಸಲ್ಲುವ ನಾಲ್ಕು ಹಾಡುಗಳೂ ಕ್ಯಾಲೆಂಡರಿನಂತೆ ಸರದಿಯಲ್ಲಿ ಬರುತ್ತವೆ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದಿಂದ ಒಂದು, ಫೆಬ್ರವರಿ 2ರ ನಂತರ ಇನ್ನೊಂದು, ಈಸ್ಟರಿಗೆ ‘ರೆಜೀನಾ ಚೇಲಿ’, ಉಳಿದ ತಿಂಗಳುಗಳಿಗೆ ‘ಸಾಲ್ವೆ ರೆಜೀನಾ’. ಪೋಪ್ ಲಿಯೋ ಹಾಡಿದ್ದರಲ್ಲಿ ಇರುವುದು ನಾಲ್ಕೇ ಸಾಲು: ಸ್ವರ್ಗದ ರಾಣಿಯೇ, ಆನಂದಿಸು, ನೀನು ಹೊರುವ ಭಾಗ್ಯ ಪಡೆದವನು, ತಾನು ಹೇಳಿದಂತೆಯೇ ಎದ್ದುಬಂದಿದ್ದಾನೆ, ನಮಗಾಗಿ ದೇವರನ್ನು ಬೇಡು. ಸಾಲಿಗೊಂದು ಅಲ್ಲೆಲೂಯಾ.

## ಹಾಡಬೇಡಿ ಎಂದಾಗ

ಚಾಂಟ್ ಮಠದವರಿಗೆ ಏನಾಗಿತ್ತು ಎಂದು ತಿಳಿಯಲು ಒಂದು ಪ್ರಸಂಗ ಸಾಕು. ಜರ್ಮನಿಯ ರೈನ್ ನದಿಯ ಬಳಿ ಹಿಲ್ಡೆಗಾರ್ಡ್ ಎಂಬ ಮಠಾಧಿಪತಿ ಇದ್ದರು. ತಮ್ಮ ಕನ್ಯಾಸ್ತ್ರೀಯರಿಗಾಗಿ ಎಪ್ಪತ್ತಕ್ಕೂ ಹೆಚ್ಚು ಹಾಡುಗಳನ್ನು ಕಟ್ಟಿದವರು. ಸಾಮಾನ್ಯ ಚಾಂಟ್‌ಗಿಂತ ಅಗಲವಾಗಿ, ಮೇಲಕ್ಕೆ ಚಿಮ್ಮುವ ಹಾಡುಗಳು. 1178ರಲ್ಲಿ, ಒಮ್ಮೆ ಧರ್ಮಸಭೆಯಿಂದ ಬಹಿಷ್ಕೃತನಾಗಿದ್ದ ಗಣ್ಯನೊಬ್ಬನನ್ನು ಮಠದ ಸ್ಮಶಾನದಲ್ಲಿ ಹೂಳಿದ್ದಕ್ಕೆ ಮೈಂಟ್ಸ್ ನಗರದ ಧರ್ಮಾಧಿಕಾರಿಗಳು ಸಿಟ್ಟಾದರು. ಹೆಣ ತೆಗೆಸಿ ಎಂದರು. ಅವನು ಧರ್ಮಸಭೆಯೊಂದಿಗೆ ರಾಜಿಯಾಗಿಯೇ ಸತ್ತಿದ್ದಾನೆ, ತೆಗೆಯುವುದಿಲ್ಲ ಎಂದರು ಎಂಬತ್ತರ ಗಡಿಯಲ್ಲಿದ್ದ ಹಿಲ್ಡೆಗಾರ್ಡ್. ಶಿಕ್ಷೆ ಬಂತು: ಮಠದಲ್ಲಿ ಪ್ರಾರ್ಥನೆಯನ್ನು ಹಾಡುವಂತಿಲ್ಲ, ಬಾಗಿಲು ಮುಚ್ಚಿ ಮೆಲುದನಿಯಲ್ಲಿ ಓದಿಕೊಳ್ಳಬೇಕು. ಅವರು ಬರೆದ ಉತ್ತರ ಉಳಿದಿದೆ. ದೇವಸ್ತುತಿಯನ್ನು ತಕ್ಕ ಕಾರಣವಿಲ್ಲದೆ ನಿಲ್ಲಿಸಿದವರಿಗೆ ಸ್ವರ್ಗದಲ್ಲಿ ದೇವದೂತರ ಗಾನದ ಜೊತೆ ಸೇರುವ ಭಾಗ್ಯ ತಪ್ಪೀತು ಎಂಬ ಎಚ್ಚರಿಕೆ ಅದರಲ್ಲಿದೆ. 1179ರಲ್ಲಿ ನಿಷೇಧ ತೆರವಾಯಿತು. ಅದೇ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

## ಮರೆತು, ಮತ್ತೆ ಹುಡುಕಿ

12ನೇ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ಚಾಂಟ್‌ನ ಒಂದೊಂದು ಸ್ವರವನ್ನೂ ಉದ್ದಕ್ಕೆ ಎಳೆದು, ಅದರ ಮೇಲೆ ಇನ್ನೊಂದು, ಮತ್ತೊಂದು ದನಿ ಹೆಣೆಯತೊಡಗಿದರು. ಬಹುದನಿಯ ಪಾಶ್ಚಾತ್ಯ ಸಂಗೀತ ಬೆಳೆದ ದಾರಿ ಅದು. ಒಂದೇ ಎಳೆಯ ಹಾಡು ನಿಧಾನಕ್ಕೆ ಮೂಲೆ ಸೇರಿತು. 1614-15ರಲ್ಲಿ ರೋಮಿನಲ್ಲಿ ಅಚ್ಚಾದ ಆವೃತ್ತಿಯಲ್ಲಿ, ಉಚ್ಚಾರದಲ್ಲಿ ಒತ್ತು ಬೀಳದ ಅಕ್ಷರದ ಮೇಲೆ ಇಷ್ಟು ಸ್ವರ ಯಾಕೆ ಎಂದು ಉದ್ದದ ಬಳ್ಳಿಗಳನ್ನು ಕತ್ತರಿಸಿಹಾಕಿದರು. ಆಗಸ್ಟೀನರ ಅಳುಕು ಕತ್ತರಿಯಾಗಿ ಬಂತು ಎನ್ನಬೇಕು.

ಮರಳಿ ತಂದವರು ಫ್ರಾನ್ಸಿನ ಸೊಲೆಮ್ ಊರಿನ ಬೆನೆಡಿಕ್ಟಿನ್ ಸನ್ಯಾಸಿಗಳು. ಫ್ರೆಂಚ್ ಕ್ರಾಂತಿಯಲ್ಲಿ ಪಾಳುಬಿದ್ದಿದ್ದ ಮಠವನ್ನು ಪ್ರೊಸ್ಪೆರ್ ಗೆರಾಂಜೆ 1833ರಲ್ಲಿ ಮತ್ತೆ ತೆರೆದರು. ಅವರ ಶಿಷ್ಯರು ಯುರೋಪಿನ ಗ್ರಂಥಾಲಯಗಳಿಗೆ ಹೋಗಿ ಹಳೆಯ ಹಸ್ತಪ್ರತಿಗಳನ್ನು ನಕಲು ಮಾಡಿದರು, 1889ರಿಂದ ಫೋಟೊ ತೆಗೆದು ಪ್ರಕಟಿಸಿದರು. ಒಂದೇ ಹಾಡಿನ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು, ನಮ್ಮಲ್ಲಿ ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆ ಮಾಡಿದ ಹಾಗೆಯೇ. ಪೋಪ್ 10ನೇ ಪಿಯುಸ್ 1903ರ ನವೆಂಬರ್ 22ರಂದು ಚಾಂಟನ್ನು ಪೂಜಾಸಂಗೀತದ ಮಾದರಿ ಎಂದು ಸಾರಿದರು. 1908ರಲ್ಲಿ ಹೊಸ ಅಧಿಕೃತ ಪುಸ್ತಕ ಬಂತು.

ಸ್ವರ ಸಿಕ್ಕಿತು, ಲಯ ಸಿಗಲಿಲ್ಲ. ಎಲ್ಲ ಸ್ವರಗಳೂ ಸಮಾನವೇ, ಕೆಲವು ಉದ್ದವೇ ಎಂಬ ಜಗಳ ಇನ್ನೂ ಮುಗಿದಿಲ್ಲ. 20ನೇ ಶತಮಾನದ ನಡುವಿನಲ್ಲಿ ಸೊಲೆಮ್‌ನವರೇ ಆದ ಯೂಜೆನ್ ಕಾರ್ದಿನ್, ಆ ಹಳೆಯ ಇರುವೆ ಸಾಲುಗಳಲ್ಲೇ ಲಯದ ಸುಳಿವಿದೆ ಎಂದು ತೋರಿಸಿದರು. ಆ ಲಯವಾದರೂ ಯಾವುದು? ಲ್ಯಾಟಿನ್ ವಾಕ್ಯವನ್ನು ಅರ್ಥವರಿತು ಓದುವವನ ಲಯ.

## ಲ್ಯಾಟಿನ್ ಹೋದ ಮೇಲೆ

ಓದಿನ ಗಾನ ಎಂದ ಮೇಲೆ ಕೇಳುವವರಿಗೆ ಭಾಷೆ ತಿಳಿಯದಿದ್ದರೆ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರ ಅದರ ದಾಖಲೆ ಎರಡು ಮಾತು ಹೇಳಿತು: ಜನರ ಭಾಷೆಗೆ ಹೆಚ್ಚು ಜಾಗ ಕೊಡಬಹುದು, ಗ್ರೆಗೋರಿಯನ್ ಚಾಂಟ್ ರೋಮನ್ ಪೂಜೆಗೆ ಸಹಜವಾದದ್ದು, ಉಳಿದದ್ದೆಲ್ಲ ಸಮವಾಗಿದ್ದರೆ ಅದಕ್ಕೆ ಮೊದಲ ಮಣೆ. ಆಚರಣೆಯಲ್ಲಿ ಮೊದಲ ಮಾತು ಎರಡನೆಯದನ್ನು ನುಂಗಿತು. 1974ರಲ್ಲಿ ಪೋಪ್ 6ನೇ ಪೌಲ್, ಪ್ರತಿ ಚರ್ಚಿನ ಜನರಿಗೂ ಇಷ್ಟಾದರೂ ಬರಲಿ ಎಂದು ಸುಲಭ ಚಾಂಟ್‌ಗಳ ಕಿರುಪುಸ್ತಕ ಹಂಚಿದರು.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಸುದ್ದಿಯಲ್ಲಿ ಆಗಾಗ ಬರುವ ‘ಹಳೆಯ ಲ್ಯಾಟಿನ್ ಪೂಜೆ’ಯ ವಿವಾದ 1969ಕ್ಕೆ ಮುಂಚಿನ ಪೂಜಾಕ್ರಮದ್ದು. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅದಕ್ಕೆ ಅವಕಾಶ ಹಿಗ್ಗಿಸಿದರು, 2021ರಲ್ಲಿ ಫ್ರಾನ್ಸಿಸ್ ಬಿಗಿ ಮಾಡಿದರು. ಚಾಂಟ್‌ಗೆ ಆ ನಿರ್ಬಂಧವಿಲ್ಲ. ಹೊಸ ಕ್ರಮದ ಪೂಜೆಯಲ್ಲೂ ಯಾರು ಬೇಕಾದರೂ ಹಾಡಬಹುದು.

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ 1960ಕ್ಕೆ ಮುಂಚೆ ಬಾಲ್ಯ ಕಳೆದವರನ್ನು ಕೇಳಿ ನೋಡಿ. ಪೂಜೆ ಲ್ಯಾಟಿನ್‌ನಲ್ಲಿ, ಭಕ್ತಿಗೀತೆ ಕೊಂಕಣಿಯಲ್ಲಿ ಇದ್ದ ಕಾಲ ಅದು. ಅವರ ಮೂಲನೆಲವಾದ ಗೋವಾದಲ್ಲಿ ಮನೆಯಂಗಳದಲ್ಲೂ ದಾರಿಬದಿಯ ಶಿಲುಬೆಗಳ ಮುಂದೆಯೂ ‘ಲದೀನ್’ ಎಂಬ ಮರಿಯಮ್ಮನ ನಾಮಾವಳಿಯನ್ನು ಲ್ಯಾಟಿನ್‌ನಲ್ಲಿ ಹಾಡುವ ರೂಢಿ ಉಳಿದುಬಂದಿದೆ, ಪಿಟೀಲು ಕೂಡ ಸೇರಿಸಿಕೊಂಡು. ಲ್ಯಾಟಿನ್ ಯಾರ ಮನೆಮಾತೂ ಆಗಿರಲಿಲ್ಲ, ಹಾಗಾಗಿ ಯಾರಿಗೂ ಪಕ್ಷಪಾತವೆನಿಸಿರಲಿಲ್ಲ. ಜನರ ಭಾಷೆ ಬಂದಾಗ ಯಾವ ಜನರದು ಎಂಬ ಪ್ರಶ್ನೆಯೂ ಬಂತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಸ್ಥಾನ ಏನೆಂಬ ದಶಕಗಳ ಚರ್ಚೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

## ಕೇಳುವುದಾದರೆ

‘ಸಾಲ್ವೆ ರೆಜೀನಾ’ದಿಂದ ಶುರು ಮಾಡಿ. ಎರಡು ಧಾಟಿಗಳಿವೆ. ಎಲ್ಲರೂ ಹಾಡುವ ಸರಳ ಧಾಟಿ ಬಹಳ ಈಚಿನದು, 17ನೇ ಶತಮಾನದ್ದು ಎನ್ನುತ್ತಾರೆ. ಹಳೆಯ, ಅಲಂಕೃತ ಧಾಟಿಯನ್ನು ಹುಡುಕಿ. ರೇ ಮೇಲೆ ಕೂರುವ ಮೊದಲ ಮೋಡ್. ಲಾ, ಸೋಲ್, ಲಾ ಎಂದು ತೂಗಿ, ಒಮ್ಮೆಲೇ ರೇಗೆ ಇಳಿಯುತ್ತದೆ, ತಲೆಬಾಗಿ ನಮಸ್ಕರಿಸಿದಂತೆ. ಮೊದಲ ಸಾಲಿನ ಧಾಟಿಯೇ ಎರಡನೆಯದಕ್ಕೂ. ಆಮೇಲೆ ‘ಏವಳ ಮಕ್ಕಳಾದ ನಾವು, ಗಡೀಪಾರಾದವರು, ಕರೆಯುತ್ತಿದ್ದೇವೆ’ ಎಂಬಲ್ಲಿಂದ ಹಾಡು ಬೇರೆಡೆಗೆ ಹೊರಳುತ್ತದೆ. ಕೊನೆಯಲ್ಲಿ ಮೂರು ‘ಓ’ಗಳು: ಓ ಕರುಣಾಳುವೇ, ಓ ಭಕ್ತವತ್ಸಲೆಯೇ, ಓ ಸವಿಯಾದ ಕನ್ಯೆ ಮರಿಯಳೇ. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿ ಸಂತ ಬರ್ನಾರ್ಡರು ಜರ್ಮನಿಯ ಸ್ಪೈಯರ್ ದೇವಾಲಯದೊಳಗೆ ನಡೆದುಬರುತ್ತ ಸಾಲದೆಂಬಂತೆ ಇವನ್ನು ಸೇರಿಸಿದರು ಎಂಬುದು ಕಥೆ. ನಿಜವಿರಲಿ ಸುಳ್ಳಿರಲಿ, ಮೂರನೆಯ ‘ಓ’ ಕೇಳಿದಾಗ ಕಥೆ ಯಾಕೆ ಹುಟ್ಟಿತೆಂದು ಗೊತ್ತಾಗುತ್ತದೆ.

ಬೆನೆಡಿಕ್ಟರ ನಿಯಮಾವಳಿಯನ್ನೇ ಪಾಲಿಸುವ ಸಿಸ್ಟರ್ಸಿಯನ್ ಮಠಗಳಲ್ಲಿ ದಿನದ ಕೊನೆಯ ಪ್ರಾರ್ಥನೆಯ ನಂತರ ದೀಪಗಳನ್ನು ಆರಿಸಿ, ಕತ್ತಲಲ್ಲಿ ಇದನ್ನು ಹಾಡುತ್ತಾರೆ. ಪುಸ್ತಕ ಬೇಕಿಲ್ಲ, ಎಲ್ಲರಿಗೂ ಬಾಯಿಪಾಠ. ಹಾಡು ಮುಗಿದ ಮೇಲೆ ಮಠಾಧಿಪತಿ ಒಬ್ಬೊಬ್ಬರ ಮೇಲೂ ತೀರ್ಥ ಚಿಮುಕಿಸುತ್ತಾರೆ. ಅಲ್ಲಿಂದ ಬೆಳಗಿನ ಜಾವದ ಮೊದಲ ಕೀರ್ತನೆಯವರೆಗೆ ಯಾರೂ ಮಾತಾಡುವುದಿಲ್ಲ.